ಏಳನೆಯ ಹಂತದ ಬಾವಿಯ ಬಲಗೋಡೆ

ಏಳನೆಯ ಹಂತದ ಬಾವಿಗೆ ಬಲಗಡೆಯೂ ಒಂದು ಗೋಡೆ ಇದೆ ಎಂಬುದನ್ನು ಪಕ್ಕದ ಮನೆಯ ಡೋನಾ ಇಲ್ಮಾ ಮೊದಲ ಸಲ ಕಂಡದ್ದು ಹೋದ ತಿಂಗಳ ಒಂದು ಮಂಗಳವಾರ, ನಮ್ಮ ಮನೆಯ ಸೋಫಾದ ಮೇಲೆ ಕೂತು. ಕೈಯಲ್ಲಿ ಜಾಯ್‌ಸ್ಟಿಕ್, ಕೊರಳಲ್ಲಿ ಹೊಲಿಗೆಯ ಅಳತೆ ಟೇಪು. ಗೋಡೆ ಕಂಡಕೂಡಲೇ ಆಟ ನಿಲ್ಲಿಸಿ, ಟೇಪಿನ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು.

ನಾನು ಬರೆಯಬೇಕೆಂದು ಹೊರಟದ್ದು ಬೇರೆಯೇ. "ಮೇಕೆ ಬೆಂಟೊ ಆಟ ಐದೂ ಒಟ್ಟಿಗೆ ಹೊಸದಾಗಿ ಬಂದಿದ್ಯಂತೆ. ಗುಣ ದೋಷ ಬರಿ. ಈ ಸಲ ಆದ್ರೂ ಯಾರನ್ನೂ ಬೈಬೇಡ" ಎಂದು ನಮ್ಮ ಬಡಾವಣೆಯ ವಾರಪತ್ರಿಕೆಯ ಸಂಪಾದಕರು ಹೇಳಿದ್ದರು. ಬೆಂಟೊ ಯಾರೆಂದು ಸಾವೊ ಪೌಲೊದಲ್ಲಿ ನಲವತ್ತು ದಾಟಿದವರಿಗೆ ಹೇಳಬೇಕಿಲ್ಲ. ಚರ್ಮದ ಟೋಪಿ ಹಾಕಿದ ಒಂದು ಮೇಕೆ. ಎಡದಿಂದ ಬಲಕ್ಕೆ ಓಡುತ್ತದೆ, ಹಾರುತ್ತದೆ, ಹಳ್ಳಕ್ಕೆ ಬಿದ್ದರೆ ಸಾಯುತ್ತದೆ. ಇಷ್ಟಕ್ಕೆ ಒಂದು ತಲೆಮಾರೇ ಶಾಲೆ ತಪ್ಪಿಸಿತ್ತು.

ಗುಣಗಳಿಲ್ಲವೆಂದು ನಾನು ಹೇಳಲಾರೆ. ಬಣ್ಣಗಳು ತೊಳೆದಿಟ್ಟ ಹಾಗಿವೆ. ಹಳೆಯ ಕ್ಯಾಸೆಟ್ಟಿನಲ್ಲಿ ಗೊರಗುಟ್ಟುತ್ತಿದ್ದ ಸಂಗೀತ ಈಗ ಸ್ವಚ್ಛವಾಗಿ ಕೇಳುತ್ತದೆ. ಎಲ್ಲಿ ಬೇಕೋ ಅಲ್ಲಿ ಆಟ ಉಳಿಸಿ ಊಟಕ್ಕೆ ಏಳಬಹುದು. ಹಿಂದೆ ಸರಿಸುವ ಗುಂಡಿ ಒಂದಿದೆ: ಮೇಕೆ ಹಳ್ಳಕ್ಕೆ ಬಿದ್ದರೆ ಅದನ್ನು ಒತ್ತಿ ಹಿಡಿಯಿರಿ, ಬಿದ್ದ ದಾರಿಯಲ್ಲೇ ಮೇಲೆದ್ದು ಬಂದು ನಿಲ್ಲುತ್ತದೆ. ದೋಷಗಳೂ ಇವೆ. ಗುಂಡಿ ಒತ್ತುವುದಕ್ಕೂ ಮೇಕೆ ಹಾರುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟು ತಡ. ನಾಲ್ಕನೆಯ ಆಟದಲ್ಲಿ ಇಬ್ಬರು ಜೊತೆಗೂಡಿ ಆಡುವ ಅವಕಾಶವನ್ನೇ ಕಿತ್ತುಹಾಕಿದ್ದಾರೆ. ಮೇಕೆ ಸತ್ತಾಗ ಮೊದಲು ಪರದೆಯ ಮೇಲೆ "ಏಳೋ ಮಾರಾಯ, ಊಟದ ಹೊತ್ತಾಯ್ತು" ಎಂದು ನಮ್ಮ ಬೀದಿಯ ಮಾತಿನಲ್ಲಿ ಬರುತ್ತಿತ್ತು. ಈಗ "ಪುನಃ ಪ್ರಯತ್ನಿಸಿ" ಎಂದು ಬರುತ್ತದೆ, ಬ್ಯಾಂಕಿನ ನೋಟೀಸಿನ ಹಾಗೆ.

ಇಷ್ಟು ಬರೆದಿಟ್ಟುಕೊಂಡು, ಮೂರನೆಯ ಹಂತ ದಾಟಲಾಗದೆ, ಬೆಳಿಗ್ಗೆ ಬೇಕರಿಗೆ ಹೋಗಿ ಗೋಳು ಹೇಳಿಕೊಂಡೆ. ಕಾವಲಿಯ ಮೇಲೆ ಬೆಣ್ಣೆ ಬ್ರೆಡ್ಡು ಒತ್ತುತ್ತಿದ್ದ ಡಿರ್ಸೆಯು ನಕ್ಕ.

"ಪಕ್ಕದ ಮನೇಲೇ ಲೂಸಿಯಾನನ್ನ ಇಟ್ಕೊಂಡು ಮೂರನೇ ಹಂತದಲ್ಲಿ ಒದ್ದಾಡ್ತಿದೀರಲ್ಲ ಸೆಯು ವಾಲ್ಡಿರ್."

"ಯಾವ ಲೂಸಿಯಾನ?"

"ನಿಮ್ಮ ಪ್ಯಾಂಟಿನ ಅಂಚು ಹೊಲಿಯೋ ಡೋನಾ ಇಲ್ಮಾ. ಸುಳಿವು ಫೋನಿನ ಲೂಸಿಯಾನ. ನಾನೇ ಚಿಕ್ಕವನಿದ್ದಾಗ ಹತ್ತು ಸಲ ಫೋನ್ ಮಾಡಿದ್ದೆ. ಬಿಲ್ ನೋಡಿ ಅಪ್ಪ ಬೆಲ್ಟ್ ಬಿಚ್ಚಿದ್ರು."

ಹದಿನಾಲ್ಕು ವರ್ಷದಿಂದ ಪಕ್ಕದ ಮನೆ. ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತದೆ, ಬೇರೆ ಯಾರ ದನಿಯೂ ಕೇಳಿಸುವುದಿಲ್ಲ. ಈ ಹೆಂಗಸಿನ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಪ್ಯಾಂಟು ಯಾವತ್ತು ಸಿಗುತ್ತದೆ.

ಕರೆದೆ, ಬಂದರು. ಜೋಳದ ಹಿಟ್ಟಿನ ಕೇಕು ಒಂದು ತುಂಡು ತಂದಿದ್ದರು. ಅರವತ್ತೆರಡು ವರ್ಷದ ಹೆಂಗಸು ಕನ್ನಡಕ ಮೂಗಿನ ತುದಿಗಿಳಿಸಿ ಮೂರನೆಯ ಹಂತವನ್ನು ಒಂದೇ ಉಸಿರಿಗೆ ದಾಟಿಸಿಬಿಟ್ಟರು. ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. ಬಾಯಲ್ಲಿ ಲೆಕ್ಕ: "ಎರಡು ಇಟ್ಟಿಗೆ, ನಿಲ್ಲು, ಹದ್ದು ಹೋಗ್ಲಿ, ಹಾರು."

"ಇದೇನು ಡೋನಾ ಇಲ್ಮಾ, ಬಾಯಿಪಾಠನಾ?"

"ನಾನು ಆಡಿದ್ದಕ್ಕಿಂತ ಹೇಳಿದ್ದೇ ಜಾಸ್ತಿ ಅಲ್ವಾ. ಆರು ವರ್ಷ ಹೇಳಿದೀನಿ."

ಆರು ವರ್ಷ. ಆಟದ ಕ್ಯಾಸೆಟ್ ಮಾಡುವ ಕಾರ್ಖಾನೆ ಆಗ ನದಿಯಾಚೆಗಿತ್ತು. ಅದರ ಹಿಂಭಾಗದ ಒಂದು ಕೋಣೆಯಲ್ಲಿ ಆರು ಫೋನು, ಆರು ಹೆಂಗಸರು. ದೇಶದ ಯಾವ ಮೂಲೆಯಿಂದಲಾದರೂ ಸರಿ, ಆಟದಲ್ಲಿ ಸಿಕ್ಕಿಬಿದ್ದವರು ಕರೆ ಮಾಡಿ ದಾರಿ ಕೇಳುತ್ತಿದ್ದರು. ಈ ಹೆಂಗಸರು ಚೌಕುಳಿ ಕಾಗದದ ಮೇಲೆ ಪ್ರತಿ ಹಂತದ ನಕ್ಷೆಯನ್ನು ಇಟ್ಟಿಗೆ ಎಣಿಸಿ ಎಣಿಸಿ ಕೈಯಲ್ಲೇ ಬರೆದುಕೊಂಡಿದ್ದರು. ಒಂದು ಕರೆಗೆ ನಾಲ್ಕು ನಿಮಿಷ. ಮೇಲ್ವಿಚಾರಕ ಅಮಾಡೆಯು ಎಂಬಾತ ಮೊಟ್ಟೆ ಬೇಯಿಸುವಾಗ ಇಡುವ ಗಡಿಯಾರವನ್ನು ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಓಡಾಡುತ್ತಿದ್ದ. ಆರು ಜನಕ್ಕೂ ಫೋನಿನಲ್ಲಿ ಒಂದೇ ಹೆಸರು: ಲೂಸಿಯಾನ.

"ಯಾಕೆ?"

"ಗಿರಾಕಿಗೆ ಕಂಪನಿ ಮೇಲೆ ಪ್ರೀತಿ ಇರ್ಬೇಕು, ಹುಡುಗೀರ ಮೇಲೆ ಅಲ್ಲ ಅಂತಿದ್ರು. ಒಬ್ಳು ಕೆಲಸ ಬಿಟ್ರೆ ಫೋನ್ ಮಾಡೋರಿಗೆ ಗೊತ್ತೇ ಆಗ್ಬಾರ್ದು. ಮಾರ್ಲಿ ಹೆರಿಗೆಗೆ ಹೋದ್ಲು, ಲೂಸಿಯಾನಗೆ ಮಾತ್ರ ಏನೂ ಆಗ್ಲಿಲ್ಲ."

ಸಂಪಾದಕರು ಬೈಯಬೇಡ ಎಂದಿದ್ದರು. ಹೆಂಗಸರ ದನಿಯನ್ನು ಬಾಡಿಗೆಗೆ ತೆಗೆದುಕೊಂಡು ಹೆಸರನ್ನು ಹೊರಗೆ ಚಪ್ಪಲಿಯ ಹಾಗೆ ಬಿಡಿಸಿದ ಆ ಜಾಣರನ್ನು ಬೈಯದೆ ಏನು ಮಾಡಲಿ? ಈ ಹೊಸ ಸಂಕಲನದಲ್ಲಿ 'ನೆನಪಿನ ಕೋಣೆ' ಎಂಬ ವಿಭಾಗವೊಂದಿದೆ. ಹಳೆಯ ಪೆಟ್ಟಿಗೆಗಳು, ಜಾಹೀರಾತುಗಳು, ಸಹಿ ಮಾಡುತ್ತಿರುವ ಯಜಮಾನರು. ಅಲ್ಲೊಂದು ಫೋಟೋ: ಆರು ಹೆಂಗಸರು, ಆರು ಫೋನು. ಕೆಳಗೆ 'ನಮ್ಮ ಸ್ನೇಹದ ದನಿಗಳು' ಎಂದು ಬರೆದಿದೆ. ಒಂದು ಹೆಸರಿಲ್ಲ. ಅದರ ಪಕ್ಕದ ಚಿತ್ರದಲ್ಲಿ ಬೆಂಟೊ ವೇಷ ಹಾಕಿಸಿದ ನಿಜವಾದ ಮೇಕೆಯೊಂದಿದೆ. ಅದಕ್ಕೆ ಹೆಸರಿದೆ: ಫಾರೋಫಾ.

"ಎಡಗಡೆಯಿಂದ ಎರಡನೇದು ನಾನು" ಎಂದರು ಇಲ್ಮಾ. "ಫಾರೋಫಾ ಅವತ್ತು ನನ್ನ ನಕ್ಷೆ ತಿಂದ್ಬಿಟ್ಟಿತ್ತು." ಆಮೇಲೆ ನಾನು ಹಲ್ಲು ಕಡಿಯುತ್ತಿರುವುದು ನೋಡಿ, "ಬಿಡಿ, ಏಳನೇ ಹಂತ ತೆಗೀರಿ" ಎಂದರು.

ತೆಗೆದೆ. ಒಣಗಿದ ಊರು, ಕೊನೆಯಲ್ಲಿ ಒಂದು ಬಾವಿ. ಬಾವಿಯನ್ನು ಹಾರಿ ದಾಟಬೇಕು, ಅಲ್ಲಿಗೆ ಹಂತ ಮುಗಿಯಿತು. ಇಲ್ಮಾ ದಾಟಲಿಲ್ಲ, ಮೇಕೆಯನ್ನು ಬೇಕೆಂದೇ ಬಾವಿಯೊಳಗೆ ಬೀಳಿಸಿದರು. ಹಳೆಯ ಆಟದಲ್ಲಿ ಪರದೆ ಚೌಕವಾಗಿತ್ತು. ಬಾವಿಯ ಎಡಗೋಡೆ ಮಾತ್ರ ಕಾಣುತ್ತಿತ್ತು, ಬಲಗೋಡೆ ಪರದೆಯಿಂದ ಆಚೆ. ಈಗ ಟಿವಿಗಳು ಅಗಲವಾದವು ಎಂದು ಚಿತ್ರವನ್ನೂ ಅಗಲ ಮಾಡಿದ್ದಾರೆ. ಬಾವಿ ಪೂರ್ತಿ ಕಂಡಿತು. ಬಲಗಡೆ ಮೇಲಿನಿಂದ ತಳದವರೆಗೆ ಬೋಳು ಕಂದು ಇಟ್ಟಿಗೆ. ಬೇರೆ ಏನೂ ಇಲ್ಲ.

ಆಗ ಟೇಪಿನ ತುದಿ ಹಿಡಿದು ಕೂತದ್ದು.

"ಅವ್ಳು ನೋಡ್ತಾಳೆ" ಎಂದರು. "ಇದು ಅವ್ಳ ಕೈಗೆ ಸಿಕ್ರೆ ನೋಡೇ ನೋಡ್ತಾಳೆ."

ಕಾಫಿ ಕೊಟ್ಟೆ, ಕುಡಿದರು. ಆಮೇಲೆ ಒಂದೊಂದಾಗಿ ಹೊರಗೆ ಬಂತು.

ಊರಿನ್ಯೋಸ್ ಎಂಬ ದೂರದ ಪಟ್ಟಣದಿಂದ ಒಬ್ಬಳು ಕರೆ ಮಾಡುತ್ತಿದ್ದಳು, ಜೊರೈಡಿ ಅಂತ. ಆಗ ವಯಸ್ಸು ಮೂವತ್ತಾರು. ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ತಮ್ಮ ಕ್ಯಾಂಪಿನಾಸ್‌ಗೆ ಹೋಗಿ ನೆಲೆಸಿದ್ದ, ಹೋಗುವಾಗ ಬಿಟ್ಟುಹೋದದ್ದು ಈ ಆಟದ ಯಂತ್ರ. ಅಮ್ಮನಿಗೆ ಸೂಪು ಕುಡಿಸಿ, ಬಾಯೊರೆಸಿ, ಮಗ್ಗುಲು ಬದಲಿಸಿ, ಮೂರು ಗಂಟೆಗೆ ಸರಿಯಾಗಿ ಫೋನು. "ಮಧ್ಯಾಹ್ನದ ಲೂಸಿಯಾನನ್ನ ಕೊಡಿ" ಎನ್ನುತ್ತಿದ್ದಳು. ಆರು ಒಂದೇ ಹೆಸರುಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುವ ಉಪಾಯ ಅವಳೇ ಕಂಡುಕೊಂಡಿದ್ದಳು. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಮೇಕೆಯ ವಿಚಾರ, ಒಂದು ನಿಮಿಷ ಬೇರೆ. ಇವತ್ತು ಅಮ್ಮ ಒಂದು ಮಾತಾಡಿದರು. ಇವತ್ತು ಆಡಲಿಲ್ಲ. ಇಲ್ಲಿ ಮಳೆ, ಅಲ್ಲೂ ಮಳೆಯಾ.

ಕಾರ್ಖಾನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕರೆ ಮಾಡುವ ಪ್ರತಿಯೊಬ್ಬರಿಗೂ ಒಂದು ಚೀಟಿ. ಆಟ ಮುಗಿಸಿದರೆ ಚೀಟಿಯ ಮೇಲೆ 'ಮುಗಿಯಿತು' ಎಂದು ಮುದ್ರೆ ಒತ್ತಿ ಬೇರೆ ಡಬ್ಬಿಗೆ ಹಾಕುವುದು. ಮುದ್ರೆ ಬಿದ್ದವರ ಕರೆ ತೆಗೆದುಕೊಳ್ಳುವಂತಿಲ್ಲ. ದಾರಿ ಮುಗಿದವರಿಗೆ ದಾರಿ ಏಕೆ ಹೇಳಬೇಕು, ಅಲ್ಲವೇ. ಮನುಷ್ಯರು ದಾರಿ ಕೇಳುವುದಕ್ಕಷ್ಟೇ ಬಾಯಿ ತೆರೆಯುತ್ತಾರೆಂದು ನಂಬಿದವರು ಮಾಡಿದ ಕಟ್ಟಳೆ ಅದು.

ಜೊರೈಡಿ ಕೊನೆಯ ಹಂತಕ್ಕೆ ಬಂದಳು. ಒಂದು ಗುರುವಾರ, "ನಾಳೆ ಮುಗಿಸಿಬಿಡ್ತೀನಿ ಅನ್ಸತ್ತೆ ಲೂಸಿಯಾನ. ಹಾಗಾದ್ರೆ ಇದೇ ಕೊನೇ ಫೋನು" ಎಂದಳು.

ಅಮಾಡೆಯು ಬೆನ್ನ ಹಿಂದೆಯೇ ಇದ್ದ. ಗಡಿಯಾರದಲ್ಲಿ ಇನ್ನು ಇಪ್ಪತ್ತು ಸೆಕೆಂಡು ಉಳಿದಿತ್ತು. ಇಲ್ಮಾ ಅಂದಿದ್ದರು: "ಏಳನೇ ಹಂತದ ಬಾಗಿಲು ಸಿಕ್ಕಿಲ್ವಲ್ಲ ನಿಮಗೆ. ಅದು ಸಿಗ್ದೆ ಆಟ ಮುಗಿದ ಲೆಕ್ಕ ಅಲ್ಲ. ಬಾವಿಗೆ ಬೀಳಿ. ಹನ್ನೊಂದನೇ ಇಟ್ಟಿಗೆ ದಾಟುವಾಗ ಬಲಕ್ಕೆ ಒತ್ತಿ. ಗೋಡೆ ಕಾಣಲ್ಲ, ಬಾಗಿಲು ಅಲ್ಲಿದೆ."

"ಇತ್ತಾ?" ಎಂದೆ ನಾನು.

"ಇರ್ಲಿಲ್ಲ. ನನ್ನ ನಕ್ಷೇಲೂ ಇಲ್ಲ, ಯಾರ ನಕ್ಷೇಲೂ ಇಲ್ಲ."

ಚೀಟಿಗೆ ಮುದ್ರೆ ಬೀಳಲಿಲ್ಲ. ಜೊರೈಡಿ ಇನ್ನೂ ಎರಡು ವರ್ಷ ಕರೆ ಮಾಡಿದಳು. ನಿನ್ನೆ ಮೂವತ್ತು ಸಲ ಬಿದ್ದೆ. ನಿನ್ನೆ ಐವತ್ತು. ಹನ್ನೊಂದನೆಯದಕ್ಕೆ ಒತ್ತಿದೆನೋ ಹನ್ನೆರಡಕ್ಕೋ ಗೊತ್ತಾಗಲಿಲ್ಲ, ಕಣ್ಣು ಮಿಟುಕುವಷ್ಟರಲ್ಲಿ ಬಿದ್ದುಹೋಗುತ್ತದೆ. "ಬೆರಳು ತಡ ಆಗಿರ್ಬೇಕು, ನಾಳೆ ನೋಡಿ" ಎನ್ನುತ್ತಿದ್ದರು ಇಲ್ಮಾ. ಪ್ರತಿ ಸಲವೂ ಅದೇ ಮಾತು.

ಒಂದು ಶುಕ್ರವಾರ ಸಂಜೆ ಕಾರ್ಖಾನೆಯವರು ಫೋನಿನ ಕೋಣೆ ಮುಚ್ಚಿದರು. ಸೋಮವಾರದಿಂದ ಆ ಸಂಖ್ಯೆಗೆ ಕರೆ ಮಾಡಿದವರಿಗೆ ಯಂತ್ರದ ದನಿ ಉತ್ತರಿಸುತ್ತಿತ್ತು. ಅದರ ಹೆಸರೂ ಲೂಸಿಯಾನ. ಹೊರಡುವ ಮೊದಲು ಜೊರೈಡಿಯ ಚೀಟಿಯಿಂದ ಫೋನ್ ಸಂಖ್ಯೆಯನ್ನು ಅಳತೆ ಟೇಪಿನ ಹಿಂಬದಿಗೆ ಶಾಯಿಯಲ್ಲಿ ಬರೆದುಕೊಂಡು ಇಲ್ಮಾ ಮನೆಗೆ ಬಂದಿದ್ದರು. ಆ ಟೇಪೇ ಈಗಲೂ ಕೊರಳಲ್ಲಿರುವುದು. ಶಾಯಿ ಮಾಸುತ್ತ ಬಂದಂತೆ ಮೇಲೆ ಮೇಲೆ ತಿದ್ದಿದ್ದಾರೆ.

"ಇಷ್ಟು ವರ್ಷ ಒಂದು ಸಲಾನೂ ಮಾಡ್ಲಿಲ್ವಾ?"

"ಮಾಡಿ ಏನನ್ಲಿ? ಸುಳ್ಳು ಹೇಳಿದ್ದೆ ಅನ್ಲಾ? ಮೊದಲು ಯಾರು ಮಾತಾಡೋದು ಅಂತ ಕೇಳ್ತಾಳೆ. ಅದಕ್ಕೇ ಉತ್ತರ ಇರ್ಲಿಲ್ಲ ನನ್ನ ಹತ್ರ."

ಇಲ್ಮಾಗೆ ಮದುವೆಯಾಗಿಲ್ಲ. ಆಮೇಲಿನ ವರ್ಷಗಳನ್ನು ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸುತ್ತಾರೆ: ಶಾಲೆಯ ಸಮವಸ್ತ್ರ ಹೊಲಿದೆ, ಆಮೇಲೆ ಪ್ಯಾಂಟಿನ ಅಂಚು. ಜೊರೈಡಿಯ ಬಗ್ಗೆ ಕೇಳಿದರೆ ಮಾತ್ರ ಅವಳ ಮನೆಯ ಅಂಗಳದ ಗಿಡದಿಂದ ಹಿಡಿದು ಅಮ್ಮ ಯಾವ ಕಿವಿಯಲ್ಲಿ ಕೇಳುತ್ತಿದ್ದರು ಎಂಬುದರವರೆಗೂ ಹೇಳುತ್ತಾರೆ. ನಾಲ್ಕು ನಾಲ್ಕು ನಿಮಿಷವಾಗಿ ಕೂಡಿಸಿದ ಆ ಗೆಳೆತನಕ್ಕೆ ಸಮನಾದದ್ದು ಅವರ ಬದುಕಿನಲ್ಲಿ ಇನ್ನೊಂದಿಲ್ಲ. ಅದರ ಅಡಿಪಾಯ ಮಾತ್ರ ಸುಳ್ಳು. ಇದು ಅವರಿಗೂ ಗೊತ್ತು.

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವ ಜಾತಿ ನನ್ನದಲ್ಲ. ಕಾರ್ಖಾನೆಯನ್ನು ಬೈದ ಬಾಯಲ್ಲೇ ಇಲ್ಮಾಗೂ ಹೇಳಿದೆ. "ಅವರ ಕಟ್ಟಳೆ ಕೆಟ್ಟದ್ದು, ಸರಿ. ಆದ್ರೆ ಅವಳನ್ನ ಎರಡು ವರ್ಷ ಬಾವಿಗೆ ತಳ್ಳಿದ್ದು ಕಟ್ಟಳೆ ಅಲ್ಲ, ನೀವು. ಟಿವಿ ನೋಡಿ ಅವಳಿಗೆ ಗೊತ್ತಾಗೋದಕ್ಕಿಂತ ಮುಂಚೆ ನಿಮ್ಮ ಬಾಯಿಂದ ಗೊತ್ತಾಗ್ಲಿ."

"ನೀವು ಹೇಳೋದು ಸುಲಭ. ನೀವು ವಾರಕ್ಕೊಂದ್ಸಲ ಹೇಳಿ ಸಂಬಳ ತಗೋತೀರಿ" ಎಂದರು. ಕೇಕಿನ ತಟ್ಟೆ ತೆಗೆದುಕೊಂಡು ಎದ್ದುಹೋದರು.

ಒಂದು ವಾರ ಗೋಡೆಯಾಚೆ ಯಂತ್ರದ ಸದ್ದು ಮಾತ್ರ. ಮರು ಮಂಗಳವಾರ ಮೂರಕ್ಕೆ ಐದು ನಿಮಿಷ ಇರುವಾಗ ಬಾಗಿಲು ತಟ್ಟಿದರು. ತುಟಿಗೆ ಬಣ್ಣ ಹಚ್ಚಿದ್ದರು.

"ನಿಮ್ಮ ಫೋನಿಂದ ಮಾಡ್ತೀನಿ. ನೀವು ಪಕ್ಕದಲ್ಲಿರಿ. ಇಲ್ದಿದ್ರೆ ಧೈರ್ಯ ಸಾಲ್ದೆ ಇಟ್ಬಿಡ್ತೀನಿ."

ಹಳೆಯ ಸಂಖ್ಯೆಗಳ ಮುಂದೆ ಈಗ ಮೂರರ ಅಂಕಿ ಸೇರಿಸಬೇಕು. ಸೇರಿಸಿದೆವು. ತಂತಿ ಫೋನನ್ನು ಊರೆಲ್ಲ ಕಿತ್ತು ಹಾಕಿ ಎಷ್ಟೋ ವರ್ಷವಾಗಿದೆ, ಯಾರೂ ಎತ್ತುವುದಿಲ್ಲ ಎಂದೇ ನಾನು ಎಣಿಸಿದ್ದೆ. ಏಳನೆಯ ಸಲ ಗಂಟೆ ಬಾರಿಸಿದಾಗ ಎತ್ತಿದರು. ನನಗೂ ಕೇಳಲೆಂದು ಇಲ್ಮಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿಸಿದ್ದರು.

"ಹಲೋ?"

ಇಲ್ಮಾ ಬೆನ್ನು ನೆಟ್ಟಗೆ ಮಾಡಿ ಕೂತರು. ಆಮೇಲೆ ಬಂದದ್ದು ನಾನು ಹದಿನಾಲ್ಕು ವರ್ಷದಲ್ಲಿ ಎಂದೂ ಕೇಳದ ತೆಳುವಾದ, ನಗುಮುಖದ ದನಿ. "ನಮಸ್ಕಾರ, ಲೂಸಿಯಾನ ಮಾತಾಡ್ತಿರೋದು. ಎಲ್ಲಿ ಸಿಕ್ಕಿಬಿದ್ದಿದೀರಿ?"

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು.

"ಮಧ್ಯಾಹ್ನದ ಲೂಸಿಯಾನ" ಎಂದಿತು ಆ ದನಿ. "ನಿಮ್ಮ ಲೈನು ಬಹಳ ಹೊತ್ತು ಎಂಗೇಜು ಇತ್ತು ಕಣಮ್ಮ."

"ಹೌದು. ಸ್ವಲ್ಪ ತಡ ಆಯ್ತು."

"ಸ್ವಲ್ಪವಂತೆ. ನನಗೀಗ ಎರಡು ಕಣ್ಣಿಗೂ ಆಪರೇಷನ್ ಆಗಿದೆ."

ಇಬ್ಬರೂ ನಕ್ಕರು. ಅಮ್ಮ ಹೋದದ್ದು, ತಮ್ಮ ವರ್ಷಕ್ಕೊಮ್ಮೆ ಬರುವುದು, ಅಂಗಳದ ಪಿಟಂಗ ಹಣ್ಣಿನ ಗಿಡ ಈಗ ಸೂರಿಗಿಂತ ಎತ್ತರ. ಎರಡು ನಿಮಿಷ ಇದೇ. ಇಲ್ಮಾರ ಮುಖ ನೋಡಿ ನನಗೇ ಅನ್ನಿಸಿತು, ಇಷ್ಟಕ್ಕೇ ನಿಲ್ಲಿಸಿಬಿಡಲಿ ಎಂದು. ಹೇಳಲಿಲ್ಲ.

ಆಟದ ಮಾತನ್ನು ಜೊರೈಡಿಯೇ ಎತ್ತಿದಳು. "ತಮ್ಮ ಆ ಹೊಸಾದನ್ನ ಕಳಿಸಿದಾನೆ, ಬೆಂಟೊ ಐದೂ ಇರೋದು. ನೋಡಿದ್ರಾ? ಚೆನ್ನಾಗಿ ಕಾಣತ್ತೆ, ಆದ್ರೆ ಹಾಳು ಮಾಡಿದಾರೆ. ಬಾಗಿಲು ತೆಗೆದುಹಾಕಿದಾರೆ."

ಇಲ್ಮಾ ನನ್ನನ್ನು ನೋಡಿದರು.

"ಯಾವ ಬಾಗಿಲು?"

"ಯಾವ ಬಾಗಿಲು ಅಂತೀರಲ್ಲ. ಏಳನೇ ಹಂತದ್ದು. ನಿಮ್ಮ ಲೈನು ಹೋದ ಮೇಲೆ ನನಗೆ ಸಿಕ್ತು. ಅಮ್ಮ ತೀರ್ಕೊಂಡ ವಾರ. ಹನ್ನೊಂದನೇ ಇಟ್ಟಿಗೆ, ಬಲಕ್ಕೆ, ನೀವಂದ ಹಾಗೇ. ಒಳಗೆ ಸಣ್ಣ ಕೋಣೆ, ಒಂದು ಕುರ್ಚಿ, ಒಂದು ದೀಪ. ಹದ್ದಿಲ್ಲ, ಮುಳ್ಳಿಲ್ಲ. ಮೇಕೆ ಹೋಗಿ ಸುಮ್ನೆ ಕೂತ್ಕೊಳ್ತು. ನಿಮಗೆ ಹೇಳೋಣ ಅಂತ ಫೋನ್ ಮಾಡಿದ್ರೆ ಆ ಯಂತ್ರ ಮಾತಾಡ್ತು. ಈಗ ನೋಡಿ, ಬರೀ ಇಟ್ಟಿಗೆ. ನೀವು ಆ ಕಂಪನಿಗೆ ಒಂದು ಮಾತು ಬರೀರಿ."

ಹೂಂ ಅಂದಿದ್ದರೆ ಸಾಕಿತ್ತು. ಬರೆಯುತ್ತೇನೆ ಜೊರೈಡಿ, ನಾಳೆ ಮೂರಕ್ಕೆ ಮಾಡುತ್ತೇನೆ ಅಂದಿದ್ದರೆ ನಾಳೆಯೂ ಫೋನಿತ್ತು, ನಾಡಿದ್ದೂ ಇತ್ತು. ಇಲ್ಮಾ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ತಮ್ಮ ನಿಜವಾದ ದನಿಯಲ್ಲಿ, ಪ್ಯಾಂಟು ಗುರುವಾರ ಸಿಗುತ್ತದೆ ಎನ್ನುವ ದನಿಯಲ್ಲಿ, ಹೇಳಿದರು.

"ಬಾಗಿಲು ಇರ್ಲಿಲ್ಲ ಜೊರೈಡಿ. ನಾನು ಕಟ್ಟಿ ಹೇಳಿದ್ದು. ಆಟ ಮುಗಿದ್ರೆ ನೀವು ಫೋನ್ ಮಾಡೋ ಹಾಗಿರ್ಲಿಲ್ಲ. ಅದಕ್ಕೆ."

ಆ ಕಡೆ ಎಲ್ಲೋ ನಾಯಿ ಬೊಗಳುತ್ತಿತ್ತು.

"ನಿಮ್ಮ ಹೆಸರು ಲೂಸಿಯಾನ ಅಲ್ಲ."

"ಅಲ್ಲ. ಇಲ್ಮಾ."

"ನೋಡಿ ಇಲ್ಮಾ ಅವ್ರೇ, ಬಾಗಿಲು ಇದೆ ಅಂದೋಳು ಲೂಸಿಯಾನ. ಅವ್ಳು ನನಗೆ ಗೊತ್ತು. ದಿನಾ ಮಾತಾಡ್ತಿದ್ಲು. ಇಲ್ಲ ಅಂತಿರೋರು ನೀವು. ನಿಮ್ಮನ್ನ ನಾನು ಇವತ್ತೇ ಕೇಳ್ತಿರೋದು."

"ಜೊರೈಡಿ."

"ನಾನು ಒಳಗೆ ಹೋಗಿ ಬಂದಿದೀನಿ. ದೀಪ ಇತ್ತು. ಇಡ್ತೀನಿ, ಒಲೆ ಮೇಲೆ ಹಾಲಿಟ್ಟಿದೀನಿ."

ಫೋನು ಇಟ್ಟುಬಿಟ್ಟಳು. ನನ್ನ ಗೋಡೆ ಗಡಿಯಾರ ನೋಡಿದೆ. ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು.

ಆಕೆ ಕೋಣೆಯನ್ನು ಕಂಡದ್ದು ಕನಸೋ, ಅಮ್ಮ ತೀರಿದ ವಾರ ಬಳಲಿದ ಕಣ್ಣು ಕಟ್ಟಿದ್ದೋ, ಸುಳ್ಳಿಗೆ ಸುಳ್ಳು ಕೊಟ್ಟದ್ದೋ ನನಗೆ ತಿಳಿಯದು. ಇಲ್ಮಾಗೆ ಸತ್ಯ ಹೇಳಲು ಒತ್ತಾಯಿಸಿದ್ದು ನಾನು. ಒತ್ತಾಯ ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಬೆಲೆ ತೆತ್ತದ್ದು ನಾನಲ್ಲ ಎಂಬುದನ್ನು ಬರೆಯದೆ ಬಿಟ್ಟರೆ ನನಗೂ ಆ ಫೋಟೋದ ಕೆಳಗೆ ಹೆಸರು ಬರೆಯದವರಿಗೂ ವ್ಯತ್ಯಾಸವಿಲ್ಲ. ಎಡಗಡೆಯಿಂದ ಎರಡನೆಯವರು ಇಲ್ಮಾ ಟೆಯೊಡೊರೊ. ಮೂರನೆಯವರು ಮಾರ್ಲಿ. ಉಳಿದವರ ಹೆಸರು ಇಲ್ಮಾಗೂ ನೆನಪಾಗಲಿಲ್ಲ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಲೂಸಿಯಾನ ಎಂದೇ ಕರೆದು ನಗುತ್ತಿದ್ದರಂತೆ.

ಸಂಕಲನದ ಇನ್ನೊಂದು ಗುಣ ಹೇಳುವುದು ಬಿಟ್ಟುಹೋಗಿತ್ತು. ಆಯ್ಕೆಗಳ ಪಟ್ಟಿಯ ತಳದಲ್ಲಿ, ಯಾರೂ ಇಳಿದು ನೋಡದ ಜಾಗದಲ್ಲಿ, 'ಹಳೆಯ ಅಳತೆ' ಎಂದಿದೆ. ಅದನ್ನು ಆರಿಸಿದರೆ ಎರಡೂ ಬದಿ ಕಪ್ಪಾಗಿ, ಚಿತ್ರ ಮತ್ತೆ ಚೌಕವಾಗುತ್ತದೆ. ಬಲಗೋಡೆ ಕಾಣುವುದಿಲ್ಲ.

ನಿನ್ನೆ ಮಂಗಳವಾರ ಮಧ್ಯಾಹ್ನ ಇಲ್ಮಾ ಬಂದರು. ಅದನ್ನು ಹುಡುಕಿ ಆರಿಸಿದ್ದು ಅವರೇ. ಏಳನೆಯ ಹಂತಕ್ಕೆ ಹೋಗಿ ಮೇಕೆಯನ್ನು ಬಾವಿಗೆ ಬೀಳಿಸಿದರು. ತುಟಿಯಲ್ಲಿ ಎಣಿಕೆ, ಹನ್ನೊಂದಕ್ಕೆ ಬಲ. ಸತ್ತಿತು. ಹಿಂದೆ ಸರಿಸುವ ಗುಂಡಿ ಮುಟ್ಟಲಿಲ್ಲ, ಹಂತದ ಮೊದಲಿನಿಂದ ನಡೆದು ಬಂದು ಮತ್ತೆ ಬೀಳಿಸಿದರು. ಹೀಗೆ ಇಪ್ಪತ್ತು ಸಲ ನೋಡಿದೆ, ಆಮೇಲೆ ಎಣಿಸುವುದು ಬಿಟ್ಟೆ.

ಮೂರು ಗಂಟೆ ಬಡಿಯಿತು. ಫೋನನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ.

ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಯಾರ ಹೆಸರಲ್ಲಿ ಮಾಡ್ಲಿ?"